ಜಿಯೋಬೋರ್ಡ್, 60 ಪೀಸ್ ಬ್ಲಾಕ್ ಸೆಟ್, ತೂತಿನ ಡಬ್ಬಿ: ಮಕ್ಕಳಿಗೆ ಆಕಾರ ಹೇಳ್ಕೊಡೋಕೆ ಯಾವುದು ತಗೋಬಹುದು

ಮೂರರಿಂದ ಐದನೇ ಕ್ಲಾಸ್ ಮಕ್ಕಳಿಗೆ ತ್ರಿಭುಜ ಚೌಕ ಆಯತ ಎಲ್ಲ ಹೇಳ್ಕೊಡೋಕೆ ಏನಾದ್ರೂ ಸಾಮಾನು ತಗೋಬೇಕು ಅಂತಿದ್ರೆ ಮೊದಲೇ ಹೇಳ್ಬಿಡ್ತೀನಿ, ಒಂದೇ ಒಂದು ತಗೊಳ್ಳೋ ಹಾಗಿದ್ರೆ ಜಿಯೋಬೋರ್ಡ್ ತಗೊಳ್ಳಿ. ಇನ್ನೂ ಸ್ವಲ್ಪ ದುಡ್ಡಿದ್ರೆ 60 ಪೀಸಿನ ಬ್ಲಾಕ್ ಸೆಟ್ ತಗೊಳ್ಳಿ, ಆದ್ರೆ ಅದಕ್ಕೆ ಮನೇಲಿ ನೀವೇ ಒಂದಷ್ಟು ಕತ್ತರಿಸಿ ಸೇರಿಸ್ಬೇಕಾಗುತ್ತೆ. ಆಕಾರದ ತೂತಿಗೆ ಆಕಾರ ಹಾಕೋ ಡಬ್ಬಿ ಬರುತ್ತಲ್ಲ, ಅದು ಎರಡು ವರ್ಷದ ಕೂಸಿಗೆ ಸರಿ, ಸ್ಕೂಲಿಗೆ ಹೋಗೋ ಮಗೂಗೆ ಬೇಡವೇ ಬೇಡ.

ನಾನು ಬೆಂಗಳೂರಿನ ವಿಜಯನಗರದಲ್ಲಿ ಮನೇಲೇ ಟ್ಯೂಷನ್ ಮಾಡ್ತೀನಿ. ಕನ್ನಡ ಮೀಡಿಯಂ ಮಕ್ಕಳೂ ಬರ್ತಾರೆ, ಇಂಗ್ಲಿಷ್ ಮೀಡಿಯಂ ಮಕ್ಕಳೂ ಬರ್ತಾರೆ, ಸ್ಟೇಟ್ ಸಿಲಬಸ್ಸು ಸಿಬಿಎಸ್ಇ ಎರಡೂ ಇದೆ, ಒಂದೇ ಚಾಪೆ ಮೇಲೆ ಎಲ್ಲರೂ ಕೂರ್ತಾರೆ. ಇವರೆಲ್ಲರಿಗೂ ಆಕಾರದ ಹೆಸರು ಚೆನ್ನಾಗೇ ಗೊತ್ತು, ಚಿತ್ರ ತೋರಿಸಿದ್ರೆ ಪಟಪಟ ಅಂತ ಹೇಳ್ತಾರೆ, ಆದ್ರೆ ಇದನ್ನ ಯಾಕೆ ಚೌಕ ಅಂತೀಯ ಅಂತ ಕೇಳಿದ್ರೆ "ನೋಡಿದ್ರೆ ಗೊತ್ತಾಗುತ್ತಲ್ಲ ಮಿಸ್" ಅಂತಾರೆ. ನಾನು ಸಾಮಾನು ಹುಡುಕಿಕೊಂಡು ಹೋಗಿದ್ದೇ ಈ ಉತ್ತರ ಬದಲಾಗ್ಬೇಕು ಅಂತ. ಮೂರೂ ತಗೊಂಡಿದ್ದು ಅವೆನ್ಯೂ ರೋಡಲ್ಲಿ, ಸ್ಕೂಲ್ ಸಾಮಾನು ಮಾರೋ ಅಂಗಡೀಲಿ.

ಮೊದಲು ಜಿಯೋಬೋರ್ಡ್. ಗೊತ್ತಿಲ್ಲದೋರಿಗೆ ಹೇಳ್ಬೇಕಂದ್ರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಚೌಕದ ಹಲಗೆ, ಅದರ ಮೇಲೆ ಸಾಲಿಗೆ 5ರಂತೆ 5 ಸಾಲು, ಒಟ್ಟು 25 ಮೊಳೆ ಥರದ ಕಡ್ಡಿ, ಅದಕ್ಕೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಬೇಕಾದ ಆಕಾರ ಮಾಡೋದು. ಅಷ್ಟೇ. ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದ ಗಣಿತದ ಮೇಷ್ಟ್ರು ಕ್ಯಾಲೆಬ್ ಗಟೆನ್ಯೋ ಅನ್ನೋರು 1950ರ ದಶಕದಲ್ಲಿ ಇದನ್ನ ಕ್ಲಾಸ್ ರೂಮಿಗೆ ತಂದ್ರು. ನಾನು ತಗೊಂಡಿರೋದು ಪ್ಲಾಸ್ಟಿಕ್ಕಿಂದು, ಎರಡೂ ಕಡೆ ಮೊಳೆ ಇದೆ, ಒಂದು ಕಡೆ ಈ 25, ಹಿಂದಿನ ಕಡೆ ವೃತ್ತದ ಸುತ್ತ 12. ಈ ಎರಡು ಸೈಡಿಂದೇ ತಗೊಳ್ಳಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಇದರ ದೊಡ್ಡ ಗುಣ ಏನು ಗೊತ್ತಾ, ಆಕಾರ ರೆಡಿಯಾಗಿ ಸಿಗಲ್ಲ. ಮಗು ತಾನೇ ಮೂಲೆ ಎಲ್ಲಿರ್ಬೇಕು ಬಾಹು ಎಲ್ಲಿಂದ ಎಲ್ಲಿಗೆ ಹೋಗ್ಬೇಕು ಅಂತ ಯೋಚ್ನೆ ಮಾಡ್ಬೇಕು. ಮತ್ತೆ ಹಲಗೇನ ಕೈಯಲ್ಲಿ ತಿರುಗಿಸಬಹುದು. ಪುಸ್ತಕದಲ್ಲಿ ಚೌಕ ಯಾವಾಗ್ಲೂ ನೆಟ್ಟಗೆ ಕೂತಿರುತ್ತೆ, ತ್ರಿಭುಜಕ್ಕೆ ಯಾವಾಗ್ಲೂ ಕೆಳಗೆ ಅಗಲ ಮೇಲೆ ಚೂಪು, ಹಾಗಾಗಿ ಮಗು ತಲೇಲಿ ಆಕಾರದ ಜೊತೆಗೆ ಅದು ಕೂತಿರೋ ಭಂಗೀನೂ ಸೇರ್ಕೊಂಡ್ಬಿಟ್ಟಿರುತ್ತೆ. ಮೂರನೇ ಕ್ಲಾಸ್ ಹುಡುಗ ಒಬ್ಬ ನೀಟಾಗಿ ಚೌಕ ಮಾಡಿ ತೋರಿಸಿದ, ನಾನು ಹಲಗೇನ ಸ್ವಲ್ಪ ವಾರೆ ತಿರುಗಿಸಿ ಹಿಡಿದೆ.

"ಅಯ್ಯೋ ಮಿಸ್, ಸ್ಕ್ವೇರ್ ಹೋಗಿ ಡೈಮಂಡ್ ಆಗೋಯ್ತು."

"ರಬ್ಬರ್ ಬ್ಯಾಂಡ್ ಮುಟ್ಟಿದ್ನೇನೋ ನಾನು?"

"ಇಲ್ಲ ಮಿಸ್."

"ಮತ್ತೆ ಬಾಹು ಉದ್ದ ಆಯ್ತಾ? ಮೂಲೆ ಚೂಪಾಯ್ತಾ?"

ಅವನು ಹಲಗೆ ಇಸ್ಕೊಂಡು ಒಂದ್ಸಲ ನೆಟ್ಟಗೆ ಒಂದ್ಸಲ ವಾರೆ ಹಿಡಿದು ನೋಡ್ದ, ಆಮೇಲೆ ಪಕ್ಕದಲ್ಲಿದ್ದ ಹುಡುಗಿ "ನೀನು ಮಲಗಿದ್ರೂ ನೀನೇ ಅಲ್ವೇನೋ" ಅಂದ್ಳು. ನಾನು ಏನೂ ಸೇರಿಸ್ಲಿಲ್ಲ. ಇದನ್ನ ಬೋರ್ಡ್ ಮೇಲೆ ಚಾಕ್ ಪೀಸಲ್ಲಿ ಬರೆದು ಹೇಳಿದ್ರೆ ಈ ಮಾತು ಅವಳ ಬಾಯಲ್ಲಿ ಬರ್ತಿರ್ಲಿಲ್ಲ ಅಂತ ನನಗನ್ಸುತ್ತೆ.

ಲಂಬಕೋನ ನೋಡೋಕೆ ಕೋನಮಾಪಕ ಎಲ್ಲ ಬೇಡ, ಯಾವುದಾದ್ರೂ ಹರಿದ ಕಾಗದ ತಗೊಂಡು ಒಂದ್ಸಲ ಮಡಚಿ, ಆ ಮಡಿಕೆ ಅದರ ಮೇಲೇ ಸರಿಯಾಗಿ ಬರೋ ಹಾಗೆ ಇನ್ನೊಂದ್ಸಲ ಮಡಚಿದ್ರೆ ಪಕ್ಕಾ ಲಂಬಕೋನ ಬರುತ್ತೆ. ನಮ್ಮಲ್ಲಿ ಅದಕ್ಕೆ ಮೂಲೆ ಕಾಗದ ಅಂತಾನೇ ಹೆಸರಾಗೋಗಿದೆ, ಪ್ರತಿಯೊಬ್ಬರ ಪೆನ್ಸಿಲ್ ಬಾಕ್ಸಲ್ಲೂ ಒಂದೊಂದಿದೆ. ರಬ್ಬರ್ ಬ್ಯಾಂಡಿನ ಮೂಲೆಗೆ ಇದನ್ನ ಇಟ್ಟು ನೋಡೋದು, ಸರಿಯಾಗಿ ಕೂತರೆ ಲಂಬ, ಕಾಗದ ಹೊರಗೆ ಚಾಚಿದ್ರೆ ಲಘು, ಜಾಗ ಉಳಿದ್ರೆ ವಿಶಾಲ.

ಆಮೇಲೆ ಒಂದು ಪ್ರಶ್ನೆ ಕೊಡಿ, ಈ 25 ಮೊಳೇಲಿ ಎಷ್ಟು ಸೈಜಿನ ಚೌಕ ಮಾಡಬಹುದು ಅಂತ. ಎಲ್ಲರೂ ಮೊದಲು 4 ಅಂತಾರೆ, ಯಾಕಂದ್ರೆ ನೆಟ್ಟಗಿರೋದು 4 ಸೈಜ್, ಪುಟ್ಟ ಚೌಕದ ಲೆಕ್ಕದಲ್ಲಿ ವಿಸ್ತೀರ್ಣ 1, 4, 9, 16. ಆದ್ರೆ ವಾರೆ ಇರೋದೂ 4 ಇದೆ, ವಿಸ್ತೀರ್ಣ 2, 5, 8, 10. ಒಟ್ಟು 8. ಈ 5ರದ್ದು ಹುಡುಕೋದ್ರಲ್ಲೇ ಮಜಾ ಇರೋದು, ಒಂದು ಮೊಳೆಯಿಂದ ಬಲಕ್ಕೆ 2 ಮೇಲಕ್ಕೆ 1, ಅಲ್ಲಿಂದ ಮೇಲಕ್ಕೆ 2 ಎಡಕ್ಕೆ 1, ಹಾಗೇ ತಿರುಗಿ ಬಂದ್ರೆ ಚೌಕ ಮುಚ್ಕೊಳ್ಳುತ್ತೆ. ಐದನೇ ಕ್ಲಾಸ್ ಮಕ್ಕಳು ಇದನ್ನ ಕಂಡುಹಿಡಿದಾಗ ಮೂಲೆ ಕಾಗದ ನಾಲ್ಕೂ ಕಡೆ ಇಟ್ಟು ನೋಡ್ತಾರೆ, ನಾನು ಹೇಳೋದೇ ಬೇಡ, ನಂಬಿಕೆ ಬರ್ಬೇಕಲ್ಲ ಅವರಿಗೆ.

ಇನ್ನು ಇದರಲ್ಲಿ ಒಂದು ತೊಡಕಿದೆ, ಅಂಗಡಿಯೋರು ಹೇಳಲ್ಲ, ಡಬ್ಬಿ ಮೇಲೂ ಬರೆದಿರಲ್ಲ. ಮಕ್ಕಳು ಉದ್ದ ಅಳೆಯೋಕೆ ಮೊಳೆ ಎಣಿಸ್ತಾರೆ. ಕೆಳಗಡೆ ಮೂರು ಮೊಳೆ ಮುಟ್ಟೋ ಅಡ್ಡ ಬಾಹು, ಪಕ್ಕದಲ್ಲಿ ಮೂರು ಮೊಳೆ ಮುಟ್ಟೋ ಓರೆ ಬಾಹು ಇಟ್ಟು ಒಂದು ಸಮಾಂತರ ಚತುರ್ಭುಜ ಮಾಡಿದ್ರೆ "ಎಲ್ಲ ಬಾಹುನೂ ಮೂರು ಮೂರು ಮೊಳೆ, ಎಲ್ಲ ಸಮ, ಅದಕ್ಕೆ ಇದು ವಜ್ರಾಕೃತಿ" ಅಂತ ಗಟ್ಟಿಯಾಗಿ ವಾದ ಮಾಡ್ತಾರೆ. ಆದ್ರೆ ಅಕ್ಕಪಕ್ಕದ ಎರಡು ಮೊಳೆ ನಡುವಿನ ಅಂತರ 1 ಗ್ಯಾಪ್ ಅಂದ್ಕೊಂಡು, ಅಡ್ಡ ಬಾಹು 2 ಗ್ಯಾಪ್ ಉದ್ದ ಇದ್ರೆ ಓರೆಯದ್ದು ಸುಮಾರು 2.8 ಇರುತ್ತೆ. ಇದಕ್ಕೆ ಒಂದು ಕಾಗದದ ಪಟ್ಟಿ ತಗೊಂಡು ಒಂದು ಬಾಹು ಮೇಲಿಟ್ಟು ಪೆನ್ಸಿಲ್ ಗುರುತು ಹಾಕಿ ಇನ್ನೊಂದರ ಮೇಲಿಡಿ ಅಂತ ಹೇಳ್ಬೇಕು, ಆಗ ಅವರಿಗೇ ಕಾಣುತ್ತೆ. ಈ ತೊಡಕನ್ನ ನಾನು ಮೈನಸ್ ಅಂತ ಲೆಕ್ಕ ಹಾಕಲ್ಲ, ಯಾಕಂದ್ರೆ ಸಮ ಅಂದ್ರೆ ಏನು, ಅದನ್ನ ಹೆಂಗೆ ತೋರಿಸೋದು ಅನ್ನೋ ಮಾತು ಬರೋದೇ ಇಲ್ಲಿ. ಆದ್ರೆ ಪಕ್ಕದಲ್ಲಿ ದೊಡ್ಡೋರು ಯಾರಾದ್ರೂ ಕೂತಿರ್ಬೇಕು, ಹಲಗೆ ಕೊಟ್ಟು ಅಡುಗೆ ಮನೆಗೆ ಹೋದ್ರೆ ಮಗು ತಪ್ಪನ್ನೇ ಗಟ್ಟಿ ಮಾಡ್ಕೊಳ್ಳುತ್ತೆ.

ಇದೇ ಥರ ಸಮಬಾಹು ತ್ರಿಭುಜ. ಕೆಳಗೆ ಪೂರ್ತಿ ಸಾಲು 4 ಗ್ಯಾಪ್, ಮೇಲೆ ನಡುವಿನ ಮೊಳೆಗೆ ಚೂಪು ಸಿಕ್ಕಿಸಿದ್ರೆ ನೋಡೋಕೆ ಸಮಬಾಹು ಥರಾನೇ ಕಾಣುತ್ತೆ, ಆದ್ರೆ ಪಕ್ಕದ ಬಾಹು ಸುಮಾರು 4.5. ಚೂಪನ್ನ ಒಂದು ಸಾಲು ಕೆಳಗಿಳಿಸಿದ್ರೆ 3.6. ಎಷ್ಟೇ ಪ್ರಯತ್ನ ಮಾಡಿದ್ರೂ ಈ ಸೈಡಲ್ಲಿ ಸಮಬಾಹು ತ್ರಿಭುಜ ಬರಲ್ಲ, ಮೊಳೆ ನೂರು ಸಾಲು ಇದ್ರೂ ಬರಲ್ಲ, ಗಣಿತದಲ್ಲಿ ಸಾಧ್ಯಾನೇ ಇಲ್ಲ. ಸಮದ್ವಿಬಾಹು ಬೇಕಾದಷ್ಟು ಬರುತ್ತೆ. ಮಕ್ಕಳು ಇದನ್ನ ಕೇಳಿ ಹಠಕ್ಕೆ ಬಿದ್ದು ಪಟ್ಟಿ ಹಿಡ್ಕೊಂಡು ಅಳೆದಿದ್ದೇ ಅಳೆದಿದ್ದು.

ಅವರು ಸುಸ್ತಾದ ಮೇಲೆ ಹಲಗೆ ತಿರುಗಿಸಿ ಹಿಂದಿನ ಸೈಡ್ ಕೊಡಿ. 12 ಮೊಳೆ ಸುತ್ತಲೂ ಇದೆಯಲ್ಲ, ಪ್ರತಿ ನಾಲ್ಕನೇ ಮೊಳೆಗೆ ಬ್ಯಾಂಡ್ ಸಿಕ್ಕಿಸಿದ್ರೆ ಸಮಬಾಹು ತ್ರಿಭುಜ ರೆಡಿ, ಪ್ರತಿ ಮೂರನೇದಕ್ಕೆ ಹಾಕಿದ್ರೆ ಚೌಕ, ಒಂದು ಬಿಟ್ಟು ಒಂದಕ್ಕೆ ಹಾಕಿದ್ರೆ ಷಡ್ಭುಜ. ನಾನು ಇನ್ನೊಂದು ಮಾಡಿಸ್ತೀನಿ, ಎದುರುಬದುರು ಇರೋ ಎರಡು ಮೊಳೆಗೆ ಬ್ಯಾಂಡ್ ಹಾಕಿ, ಮೂರನೇ ಮೂಲೇನ ಉಳಿದ 10 ಮೊಳೇಲಿ ಎಲ್ಲಿ ಬೇಕಾದ್ರೂ ಸಿಕ್ಕಿಸಿ ಅಂತ, ಎಲ್ಲಿ ಸಿಕ್ಕಿಸಿದ್ರೂ ಆ ಮೂಲೆ ಲಂಬಕೋನಾನೇ ಬರುತ್ತೆ. ಹೈಸ್ಕೂಲಲ್ಲಿ ಪ್ರಮೇಯ ಅಂತ ಬರೋದು ಇದೇ, ಆದ್ರೆ ನಾಲ್ಕನೇ ಕ್ಲಾಸ್ ಮಗು ಮೂಲೆ ಕಾಗದ ಇಟ್ಟು ಒಂದೊಂದೇ ನೋಡ್ಕೊಂಡು ಹೋಗಿ "ಎಲ್ಲದಕ್ಕೂ ಕೂರ್ತಿದೆ ಮಿಸ್" ಅಂತ ಕಿರುಚ್ಕೊಂಡಾಗ ಎಷ್ಟು ಖುಷಿ ಆಯ್ತು ಅಂದ್ರೆ ಅವತ್ತು ಪೂರ್ತಿ ಅದೇ ಗುಂಗಲ್ಲಿದ್ದೆ.

ಕ್ವಾಲಿಟಿ ವಿಷಯಕ್ಕೆ ಬಂದ್ರೆ ಹಲಗೆ ಗಟ್ಟಿ ಇದೆ, ಆದ್ರೆ ಮೂಲೇಲಿರೋ ಮೊಳೆ ಮೇಲೆ ಜಾಸ್ತಿ ಎಳೆತ ಬೀಳೋದ್ರಿಂದ ಅದೇ ಮೊದಲು ಬಗ್ಗುತ್ತೆ, ತಗೊಳ್ಳೋವಾಗ ನಾಲ್ಕು ಮೂಲೆನೂ ಬೆರಳಲ್ಲಿ ಒತ್ತಿ ನೋಡಿ. ಜೊತೇಲಿ ಕೊಡೋ ಬಣ್ಣದ ರಬ್ಬರ್ ಬ್ಯಾಂಡ್ ಕಿಟಕಿ ಹತ್ರ ಬಿಸಿಲಿಗೆ ಇಟ್ರೆ ಬೇಗ ಪೆಡಸಾಗಿ ತುಂಡಾಗುತ್ತೆ. ಸಣ್ಣ ಹೆಣ್ಣುಮಕ್ಕಳು ತಲೆಗೆ ಹಾಕ್ಕೊಳ್ಳೋ ಬಟ್ಟೆ ಸುತ್ತಿದ ಪುಟ್ಟ ರಬ್ಬರ್ ಇರುತ್ತಲ್ಲ ಅದು ಬೆಸ್ಟ್, ಮುಖಕ್ಕೆ ಹಾರಿದ್ರೂ ಅಷ್ಟು ನೋವಾಗಲ್ಲ. ಮರದ ಹಲಗೆಗೆ ಕಬ್ಬಿಣದ ಮೊಳೆ ಹೊಡೆದಿರೋದೂ ಸಿಗುತ್ತೆ, ನೋಡೋಕೆ ಚೆಂದ, ಆದ್ರೆ ಮೊಳೆ ತಲೆ ಚೂಪಿದ್ರೆ ಬೇಡ.

ಎರಡನೇದು 60 ಪೀಸಿನ ಸೆಟ್. ಇದರಲ್ಲಿ 5 ಆಕಾರ, 3 ಬಣ್ಣ, 2 ಸೈಜು, 2 ದಪ್ಪ, ಎಲ್ಲ ಗುಣಿಸಿದ್ರೆ 60, ಅಂದ್ರೆ ಒಂದರ ಥರ ಇನ್ನೊಂದಿಲ್ಲ. ಹಂಗೇರಿಯಲ್ಲಿ ಹುಟ್ಟಿದ ಜೋಲ್ಟಾನ್ ಡೀನ್ಸ್ ಅನ್ನೋ ಗಣಿತಜ್ಞರು ಈ ಥರದ ಬ್ಲಾಕ್ಸನ್ನ ಸ್ಕೂಲುಗಳಲ್ಲಿ ಬಳಕೆಗೆ ತಂದೋರಲ್ಲಿ ಮುಖ್ಯರು. ವಿಂಗಡಿಸೋ ಆಟಕ್ಕೆ ಇದು ಸೂಪರ್. ನಾನು ನೆಲದ ಮೇಲೆ ಎರಡು ದಾರದ ಸುತ್ತು ಇಟ್ಟು ಒಂದು ರೂಲ್ ಮನಸ್ಸಲ್ಲಿ ಇಟ್ಕೊಂಡು ಪೀಸ್ ಹಾಕ್ತಾ ಹೋಗ್ತೀನಿ, ರೂಲ್ ಏನು ಅಂತ ಅವರು ಕಂಡುಹಿಡೀಬೇಕು. ಎರಡು ಸುತ್ತು ಒಂದರ ಮೇಲೊಂದು ಬರೋ ಹಾಗಿಟ್ರೆ ಇನ್ನೂ ಮಜಾ, ಒಂದರಲ್ಲಿ ಕೆಂಪು, ಒಂದರಲ್ಲಿ ನಾಲ್ಕು ಬಾಹು, ಹಾಗಾದ್ರೆ ಕೆಂಪು ಆಯತ ಎಲ್ಲಿಗೆ ಹೋಗ್ಬೇಕು. ಒಂದು ಪೀಸು ಏಕಕಾಲಕ್ಕೆ ಎರಡು ಗುಂಪಲ್ಲೂ ಇರಬಹುದು ಅನ್ನೋದು ಮಕ್ಕಳಿಗೆ ಕೈಯಲ್ಲೇ ಅರ್ಥ ಆಗುತ್ತೆ, ಮುಂದೆ ಚೌಕ ಆಯತದ ಮಾತು ಬರೋವಾಗ ಇದು ತುಂಬ ಉಪಯೋಗಕ್ಕೆ ಬರುತ್ತೆ.

ಆದ್ರೆ ಈ ಸೆಟ್ಟಲ್ಲಿ ಇರೋ ತ್ರಿಭುಜ ಎಲ್ಲ ಸಮಬಾಹುವೇ. ಆಯತನೂ ಅಷ್ಟೇ, ಸೈಜು ಎರಡಿದ್ರೂ ರೂಪ ಎಲ್ಲದರದ್ದೂ ಒಂದೇ. ಹೀಗಾಗಿ ಇದನ್ನೇ ನೋಡಿ ಬೆಳೆದ ಮಗೂಗೆ ಒಂದು ಉದ್ದ ಸಣಕಲು ತ್ರಿಭುಜ ತೋರಿಸಿದ್ರೆ "ಇದು ತ್ರಿಭುಜ ಅಲ್ಲ, ಇದು ಮುಳ್ಳು" ಅನ್ನುತ್ತೆ. ಇದಕ್ಕೆ ಪರಿಹಾರ ಮನೇಲೇ ಇದೆ. ಹಳೇ ಮದುವೆ ಇನ್ವಿಟೇಷನ್ ಕಾರ್ಡ್ ಕತ್ತರಿಸಿ ಲಂಬಕೋನ ತ್ರಿಭುಜ, ಅಸಮಬಾಹು, ವಿಶಾಲಕೋನದ್ದು, ರಿಬ್ಬನ್ ಥರದ ಉದ್ದ ಆಯತ, ತ್ರಾಪಿಜ್ಯ, ಗಾಳಿಪಟ, ಒಳಗೆ ಮಡಚಿಕೊಂಡಿರೋ ಬಾಣದ ತುದಿ ಥರದ ಚತುರ್ಭುಜ ಎಲ್ಲ ಮಾಡ್ಕೊಳ್ಳಿ. ಜೊತೆಗೆ ಆಗದೇ ಇರೋದನ್ನೂ ಸೇರಿಸಿ, ಒಂದು ಬಾಹು ಬಾಗಿರೋ ತ್ರಿಭುಜ, ಮೂಲೆ ದುಂಡಗಿರೋ ಚೌಕ. ಆಗಲ್ಲ ಅನ್ನೋದಕ್ಕೆ ಕಾರಣ ಕೊಡೋವಾಗ್ಲೇ ಮಗು ಬಾಯಲ್ಲಿ ಬಾಹು ನೇರ ಇರ್ಬೇಕು, ಮುಚ್ಚಿರ್ಬೇಕು ಅನ್ನೋ ಮಾತು ತಾನಾಗೇ ಬರೋದು. ತ್ರಾಪಿಜ್ಯಕ್ಕೆ ಮಾತ್ರ ಹುಷಾರು, ಒಂದು ಜೊತೆ ಸಮಾಂತರ ಬಾಹು ಅಂದ್ರೆ ಒಂದೇ ಜೊತೆನಾ ಕನಿಷ್ಠ ಒಂದು ಜೊತೆನಾ ಅನ್ನೋದು ಪುಸ್ತಕದಿಂದ ಪುಸ್ತಕಕ್ಕೆ ಬೇರೆ ಇರುತ್ತೆ, ನಿಮ್ಮ ಮಗು ಓದೋ ಪುಸ್ತಕ ಏನು ಹೇಳುತ್ತೋ ನೋಡ್ಕೊಂಡು ಹೇಳಿ.

ಈಗ ಮೂರನೇದು, ತೂತಿನ ಡಬ್ಬಿ, ಇದರ ಮೇಲೆ ನನಗೆ ನಿಜವಾಗ್ಲೂ ಸಿಟ್ಟಿದೆ. ಡಬ್ಬಿ ಮೇಲೆ 3ರಿಂದ 8 ವರ್ಷ ಅಂತ ಪ್ರಿಂಟ್ ಆಗಿದೆ, ಒಳಗೊಂದು ಗೋಡೆಗೆ ಅಂಟಿಸೋ ಚಾರ್ಟ್ ಫ್ರೀ. ಚೌಕಕ್ಕೆ ಒಂದು ತೂತು, ಆಯತಕ್ಕೆ ಒಂದು ತೂತು. ಆಯತದ ತೂತಿನ ಅಗಲ ಕಡಿಮೆ ಮಾಡಿದಾರೆ, ಹಾಗಾಗಿ ಚೌಕ ಅಲ್ಲಿ ಹೋಗಲ್ಲ. ಮಗು ಅದನ್ನ ಹೆಂಗೆ ಅರ್ಥ ಮಾಡ್ಕೊಳ್ಳುತ್ತೆ ಹೇಳಿ, ಚೌಕ ಆಯತದ ಜಾಗಕ್ಕೆ ಹೋಗಲ್ಲ ಅಂದ್ಮೇಲೆ ಚೌಕ ಆಯತ ಅಲ್ಲ. ಚಾರ್ಟಲ್ಲೂ ಅದೇ, ಆಯತ ಅಂದ್ರೆ ಎರಡು ಉದ್ದ ಬಾಹು ಎರಡು ಗಿಡ್ಡ ಬಾಹು ಅಂತ ಬರೆದಿದಾರೆ. ಆಯತಕ್ಕೆ ಬೇಕಾಗಿರೋದು ನಾಲ್ಕು ಬಾಹು ನಾಲ್ಕು ಲಂಬಕೋನ ಅಷ್ಟೇ, ಅದು ಚೌಕಕ್ಕೂ ಇದೆ, ಅದರ ಮೇಲೆ ನಾಲ್ಕೂ ಬಾಹು ಸಮ ಅನ್ನೋದು ಚೌಕದ ವಿಶೇಷ. ಬಾದಾಮಿನೂ ಮಾವಿನ ಹಣ್ಣೇ ತಾನೆ, ಆದ್ರೆ ರಸಪುರಿ ತೋತಾಪುರಿ ಎಲ್ಲ ಬಾದಾಮಿ ಆಗುತ್ತಾ, ಹಾಗೆ ಅಂತ ಹೇಳಿದ್ರೆ ಮಕ್ಕಳು ಒಪ್ಕೊಳ್ತಾರೆ, ಆದ್ರೆ ವರ್ಷಗಟ್ಟಲೆ ಆ ಡಬ್ಬಿ ಜೊತೆ ಆಡಿದ ಮಗು ಅಷ್ಟು ಸುಲಭಕ್ಕೆ ಬಿಟ್ಕೊಡಲ್ಲ. ನನ್ನ ಹತ್ರ ಬರೋ ಐದನೇ ಕ್ಲಾಸ್ ಹುಡುಗಿ ಚೌಕದ ಎಲ್ಲ ಗುಣ ಸರಿಯಾಗಿ ಹೇಳಿ, ಆಯತದ ಗುಣಾನೂ ಹೇಳಿ, ಕೊನೆಗೆ "ಆದ್ರೂ ಸ್ಕ್ವೇರ್ ಬೇರೆ ಮಿಸ್" ಅಂತ ಕಣ್ಣಲ್ಲಿ ನೀರು ತುಂಬ್ಕೊಂಡ್ಳು. ಅಂಥ ಮಗೂಗೆ ಚಾರ್ಟು ಮಾಡಿರೋ ಅನ್ಯಾಯ ಅದು.

ಅವಳನ್ನ ದಾರಿಗೆ ತಂದಿದ್ದೂ ಜಿಯೋಬೋರ್ಡೇ. 4 ಗ್ಯಾಪ್ ಉದ್ದ 1 ಗ್ಯಾಪ್ ಅಗಲದ ಆಯತ ಮಾಡಿಸ್ದೆ, ಆಮೇಲೆ ಮೇಲಿನ ಬಾಹು ಒಂದೊಂದೇ ಸಾಲು ಮೇಲಕ್ಕೆ ಸರಿಸು, ಪ್ರತಿ ಸಲಾನೂ ಇದಿನ್ನೂ ಆಯತಾನಾ ಹೇಳು ಅಂದೆ. 2, ಹೌದು. 3, ಹೌದು. 4ಕ್ಕೆ ಬಂದಾಗ ಕೈ ನಿಂತೋಯ್ತು. ಮೂಲೆ ಏನಾದ್ರೂ ಬದಲಾಯ್ತಾ ಅಂದೆ. ಕಾಗದ ಇಟ್ಟು ನಾಲ್ಕೂ ನೋಡಿದ್ಳು. "ಹಾಗಾದ್ರೆ ಇದು ಎರಡೂ" ಅಂದ್ಳು.

ಹಾಲೆಂಡಿನ ಪಿಯರ್ ವಾನ್ ಹೀಲೆ, ಡೀನಾ ವಾನ್ ಹೀಲೆ ಅಂತ ಗಂಡ ಹೆಂಡತಿ ಇಬ್ಬರೂ ಮೇಷ್ಟ್ರು, 1957ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆದಿದ್ರು. ಮಕ್ಕಳು ಮೊದಲು ಆಕಾರವನ್ನ ಇಡಿಯಾಗಿ ನೋಡ್ತಾರೆ, ಆಮೇಲೆ ಅದರ ಗುಣ ನೋಡ್ತಾರೆ, ಅದಾದ ಮೇಲೆ ಒಂದು ಗುಣಕ್ಕೂ ಇನ್ನೊಂದಕ್ಕೂ ಇರೋ ಸಂಬಂಧ ನೋಡ್ತಾರೆ ಅಂತ ಅವರು ಹೇಳಿದ್ದು, ವಯಸ್ಸಾದಷ್ಟಕ್ಕೇ ಈ ಮೆಟ್ಟಿಲು ಹತ್ತಲ್ಲ, ಸರಿಯಾದ ಕೆಲಸ ಕೊಟ್ರೆ ಹತ್ತುತ್ತಾರೆ ಅಂತಾನೂ ಹೇಳಿದಾರೆ. ಅಮೆರಿಕದ ಕಾಮನ್ ಕೋರ್ ಪಠ್ಯಕ್ರಮದಲ್ಲೂ ಮೂರನೇ ಕ್ಲಾಸಲ್ಲಿ ಚೌಕ ಆಯತ ವಜ್ರಾಕೃತಿ ಎಲ್ಲ ಚತುರ್ಭುಜ ಅಂತ ಶುರು ಮಾಡಿ, ಐದನೇ ಕ್ಲಾಸಿಗೆ ದೊಡ್ಡ ಗುಂಪಿನ ಗುಣ ಒಳಗಿನ ಗುಂಪಿಗೂ ಇರುತ್ತೆ ಅನ್ನೋ ಕಡೆಗೆ ಬರ್ತಾರೆ. ತೂತಿನ ಡಬ್ಬಿ ಮಗೂನ ಮೊದಲ ಮೆಟ್ಟಿಲಲ್ಲೇ ಕಟ್ಟಿ ಹಾಕುತ್ತೆ, ನನ್ನ ತಕರಾರು ಅಷ್ಟೇ.

ದುಡ್ಡು ಖರ್ಚು ಮಾಡೋಕಾಗಲ್ಲ ಅನ್ನೋರಿಗೆ ಒಂದು ಮಾತು, ರಂಗೋಲಿ ಚುಕ್ಕಿ ಇಡೋಕೆ ಬರುತ್ತಲ್ಲ ಮನೇಲಿ ಯಾರಿಗಾದ್ರೂ, ಟೆರೇಸ್ ಮೇಲೆ 5 ಚುಕ್ಕಿ 5 ಸಾಲು ಇಟ್ಟು ಚಾಕ್ ಪೀಸಲ್ಲಿ ಗೆರೆ ಎಳೆಯೋಕೆ ಬಿಡಿ, ಅದೇ ಜಿಯೋಬೋರ್ಡ್. ಎರಡು ಚುಕ್ಕಿ ನಡುವೆ ಮುಂದಿನ ಸಾಲಿನ ಚುಕ್ಕಿ ಬರೋ ಹಾಗೆ ಇಟ್ಟು, ಸಾಲಿನ ಅಂತರ ಚುಕ್ಕಿಗಳ ಅಂತರಕ್ಕಿಂತ ಸ್ವಲ್ಪ ಕಡಿಮೆ ಇಟ್ರೆ ಸಮಬಾಹು ತ್ರಿಭುಜ, ಷಡ್ಭುಜ ಎಲ್ಲ ಬರುತ್ತೆ. ಎಳೆದು ತಪ್ಪಾದ್ರೆ ಬ್ಯಾಂಡ್ ಥರ ತಕ್ಷಣ ಸರಿಸೋಕಾಗಲ್ಲ ಅನ್ನೋದೊಂದೇ ಕಷ್ಟ.

ತಗೊಳ್ಳೋಕೆ ಹೋಗೋರು ಗಾಡಿ ತಗೊಂಡು ಹೋಗ್ಬೇಡಿ, ಅವೆನ್ಯೂ ರೋಡಲ್ಲಿ ಪಾರ್ಕಿಂಗ್ ಅನ್ನೋ ಮಾತೇ ಇಲ್ಲ, ಮೆಟ್ರೋ ಗ್ರೀನ್ ಲೈನಲ್ಲಿ ಚಿಕ್ಕಪೇಟೆ ಸ್ಟೇಷನ್ನಲ್ಲಿ ಇಳಿದು ನಡ್ಕೊಂಡು ಹೋಗಿ. ಅಂಗಡಿಯವರು ಒಳ್ಳೆಯವರು, ಡಬ್ಬಿ ಬಿಚ್ಚಿ ಬ್ಯಾಂಡ್ ಹಾಕಿ ನೋಡೋಕೆ ಬಿಟ್ರು, "ಮೇಡಂ ಎಷ್ಟು ಬೇಕಾದ್ರೂ ಎಳೆದು ನೋಡಿ" ಅಂದ್ರು, ಒಂದರ ಮೊಳೆ ಸಡಿಲ ಇತ್ತು, ಮಾತಾಡದೆ ಬೇರೆ ಕೊಟ್ರು. ಬೆಲೆ ಅಂಗಡಿಯಿಂದ ಅಂಗಡಿಗೆ ಚೆನ್ನಾಗೇ ವ್ಯತ್ಯಾಸ ಇದೆ, ಎರಡು ಮೂರು ಕಡೆ ಕೇಳಿ ತಗೊಳ್ಳಿ. ಆದ್ರೆ ಜಿಯೋಬೋರ್ಡ್ ಒಂದು ತರಬೇಡಿ, ಎರಡು ತನ್ನಿ. ಇಬ್ಬರು ಮಕ್ಕಳನ್ನ ಬೆನ್ನಿಗೆ ಬೆನ್ನು ಹಾಕಿ ಕೂರಿಸಿ, ಒಬ್ಬ ಆಕಾರ ಮಾಡಿ ಅದರ ಹೆಸರು ಹೇಳದೆ ಬರೀ ಗುಣ ಹೇಳ್ಬೇಕು, ನಾಲ್ಕು ಬಾಹು, ಎದುರು ಬಾಹು ಸಮ, ಲಂಬಕೋನ ಒಂದೂ ಇಲ್ಲ, ಹೀಗೆ, ಇನ್ನೊಬ್ಬ ತನ್ನ ಹಲಗೆ ಮೇಲೆ ಅದನ್ನೇ ಮಾಡ್ಬೇಕು. ಆಮೇಲೆ ಎರಡೂ ಪಕ್ಕಪಕ್ಕ ಇಟ್ಟು ನೋಡಿದಾಗ ಬೇರೆ ಬೇರೆ ಬಂದ್ರೆ ಯಾವ ಗುಣ ಹೇಳೋಕೆ ಬಿಟ್ಟೋಯ್ತು ಅಂತ ಅವರೇ ಜಗಳ ಆಡ್ಕೊಂಡು ಕಂಡುಹಿಡೀತಾರೆ.